ಒಂದು ರಾತ್ರಿ ನೀರಿನಲ್ಲಿಟ್ಟು ನೋಡಿ: ಕಡಿಮೆ ವೆಚ್ಚದ ಗೋಡೆ ಸಾಮಗ್ರಿಗಳ ಮೌಲ್ಯಮಾಪನ

ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಮನೆಗೆ ಬಂದರು. ಚೀಲದಿಂದ ಒಂದೊಂದಾಗಿ ತೆಗೆದು ಜಗಲಿಯ ಮೇಲೆ ಜೋಡಿಸಿದರು: ಯಂತ್ರದಲ್ಲಿ ಒತ್ತಿದ ಎರಡು ಮಣ್ಣಿನ ಬ್ಲಾಕ್, ಒಂದು ಹಾರುಬೂದಿ ಇಟ್ಟಿಗೆ, ಒಂದು ಸುಟ್ಟ ಇಟ್ಟಿಗೆ, ಜೊತೆಗೆ ಈಚೆಗೆ ಎಲ್ಲೆಡೆ ಕಾಣುವ ಬಿಳಿಯ ಹಗುರ ಬ್ಲಾಕಿನ ಒಂದು ತುಂಡು.

"ಸಾರ್, ಸಾಲ ಮಂಜೂರಾಗಿದೆ. ಪಾಯ ಮುಗಿದಿದೆ. ಮುಂದಿನ ವಾರ ಗೋಡೆ ಶುರು ಮಾಡಬೇಕು. ಇವುಗಳಲ್ಲಿ ಯಾವುದು ಗಟ್ಟಿ ಹೇಳಿ" ಎಂದರು.

ಮಣ್ಣಿನ ಬ್ಲಾಕ್ ಮಾರುವವರು ಕೊಟ್ಟ ಚೀಟಿಯೂ ಅವರ ಜೇಬಿನಲ್ಲಿತ್ತು. ಅದರಲ್ಲಿ ಬರೆದಿದ್ದುದು ಒಂದೇ ಸಾಲು: ಬಲ 5 ಮೆಗಾಪಾಸ್ಕಲ್. ಹೆಂಡತಿಯ ಒಡವೆ ಅಡವಿಟ್ಟು, ಮುಂದಿನ ಇಪ್ಪತ್ತು ವರ್ಷ ಸಂಬಳದಿಂದ ಕಂತು ಕಟ್ಟಲು ಒಪ್ಪಿ ಕಟ್ಟುವ ಮನೆ, ಆ ಒಂದು ಸಾಲನ್ನು ನಂಬಿ ಮೇಲೇಳುವುದರಲ್ಲಿತ್ತು. ಆ ಸಂಖ್ಯೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಅವರಿಗೆ ಬೇಕಾಗಿದ್ದ ಸಂಖ್ಯೆಯಲ್ಲ. ಏಕೆಂದು ತಿಳಿಯಲು ಮೊದಲು ಸಣ್ಣ ಲೆಕ್ಕವೊಂದನ್ನು ಮಾಡೋಣ.

ಗೋಡೆಗೆ ಎಷ್ಟು ಬಲ ಬೇಕು?

ಹನ್ನೆರಡು ಅಡಿ, ಅಂದರೆ ಸುಮಾರು 3.6 ಮೀಟರ್ ಅಗಲದ ಎರಡು ಕೋಣೆಗಳ ನಡುವಿನ ಗೋಡೆಯನ್ನು ತೆಗೆದುಕೊಳ್ಳಿ. ಮನೆಯಲ್ಲಿ ಹೆಚ್ಚು ಹೊರೆ ಹೊರುವುದು ಅದೇ. ಮೇಲೆ ನಾಲ್ಕು ಅಂಗುಲದ ಆರ್‌ಸಿಸಿ ತಾರಸಿ. ತಾರಸಿಯ ಸ್ವಂತ ತೂಕ, ಅದರ ಮೇಲಿನ ಗಾರೆ, ಓಡಾಡುವ ಜನ, ಹರಡಿಟ್ಟ ಸಾಮಾನು ಎಲ್ಲ ಸೇರಿ ಒಂದು ಚದರ ಮೀಟರಿಗೆ 5.5 ಕಿಲೋನ್ಯೂಟನ್ ಎಂದಿಟ್ಟುಕೊಳ್ಳೋಣ. ಎರಡೂ ಬದಿಯ ಕೋಣೆಗಳಿಂದ ಅರ್ಧರ್ಧ ಭಾರ ಈ ಗೋಡೆಗೆ ಬರುವುದರಿಂದ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 20 ಕಿಲೋನ್ಯೂಟನ್, ಎಂದರೆ ಎರಡು ಟನ್ ಭಾರ. ಮೂರು ಮೀಟರ್ ಎತ್ತರ, 19 ಸೆಂ.ಮೀ. ದಪ್ಪದ ಗೋಡೆಯ ಸ್ವಂತ ತೂಕ ಇನ್ನೊಂದು ಟನ್. ಒಟ್ಟು 30 ಕಿಲೋನ್ಯೂಟನ್ ಭಾರ 0.19 ಚದರ ಮೀಟರಿನ ಮೇಲೆ ಕುಳಿತಿದೆ. ಭಾಗಿಸಿದರೆ ಗೋಡೆಯ ಬುಡದಲ್ಲಿ ಒತ್ತಡ ಸುಮಾರು 0.16 ಮೆಗಾಪಾಸ್ಕಲ್.

ಕೇವಲ 0.16! ಚೀಟಿಯಲ್ಲಿರುವ 5ರ ಮುಂದೆ ಇದು ಏನೂ ಅಲ್ಲ ಎನಿಸುತ್ತದೆ. ತರಗತಿಯಲ್ಲಿ ಈ ಲೆಕ್ಕ ಮಾಡಿಸಿದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ಆದರೆ ಗೋಡೆ ಎಂದರೆ ಒಂಟಿ ಬ್ಲಾಕ್ ಅಲ್ಲ. ನಡುವೆ ಗಾರೆ ಇದೆ. ಗೋಡೆ ತೆಳ್ಳಗೆ ಎತ್ತರವಾಗಿದೆ. ಭಾರ ಸದಾ ಮಧ್ಯದಲ್ಲೇ ಕೂರುವುದಿಲ್ಲ. ಒಂದು ಬ್ಲಾಕ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದಲೇ ಇಟ್ಟಿಗೆ ಗೋಡೆಗಳ ವಿನ್ಯಾಸಕ್ಕಿರುವ ಭಾರತೀಯ ಮಾನಕ ಐಎಸ್ 1905, ಒಳ್ಳೆಯ ಸಿಮೆಂಟ್ ಗಾರೆ ಬಳಸಿದರೂ ಬ್ಲಾಕಿನ ಬಲದ ಹತ್ತನೇ ಒಂದು ಭಾಗದಷ್ಟನ್ನು ಮಾತ್ರ ಗೋಡೆಗೆ ಅನುಮತಿಸುತ್ತದೆ. ಗೋಡೆ ತೆಳುವಾದಷ್ಟೂ ಅದನ್ನು ಇನ್ನಷ್ಟು ತಗ್ಗಿಸುತ್ತದೆ. 3.5 ಮೆಗಾಪಾಸ್ಕಲ್ ಬ್ಲಾಕಿಗೆ ಸಿಗುವುದು 0.35. ಒಂದು ಅಂತಸ್ತಿನ ಮನೆಗೆ ಇದು ಧಾರಾಳ. ಎರಡನೆಯ ಅಂತಸ್ತು ಬಂದರೆ ಲೆಕ್ಕ ಬಿಗಿಯಾಗುತ್ತದೆ. ಬ್ಲಾಕಿನ ಬಲ 1 ಮೆಗಾಪಾಸ್ಕಲ್‌ಗೆ ಇಳಿದರೆ ಸಿಗುವುದು 0.1, ಆಗ ಒಂದು ಅಂತಸ್ತಿಗೂ ಸಾಲದು.

ಹಾಗಾದರೆ 5 ಎಂದು ಬರೆದ ಬ್ಲಾಕ್ 1ಕ್ಕೆ ಇಳಿಯುವುದು ಯಾವಾಗ? ನೀರು ಕುಡಿದಾಗ.

ಸುಟ್ಟ ಇಟ್ಟಿಗೆಯ ಪರೀಕ್ಷಾ ವಿಧಾನವನ್ನು ಹೇಳುವ ಐಎಸ್ 3495 ನೋಡಿ. ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿದ ಮೇಲೆಯೇ ಒತ್ತುಯಂತ್ರಕ್ಕೆ ಕೊಡಬೇಕು. ಇಟ್ಟಿಗೆಯ ಬಲ ಎಂದು ನಾವು ಹೇಳುವುದೆಲ್ಲ ನೆನೆದ ಇಟ್ಟಿಗೆಯ ಬಲ. ಹೊಸ ಸಾಮಗ್ರಿಗಳ ಪ್ರಚಾರ ಪತ್ರಗಳಲ್ಲಿ ಈ ಒಂದು ಮಾತು ಎಷ್ಟೋ ಬಾರಿ ಮಾಯವಾಗಿರುತ್ತದೆ. ನೆನೆದ ಇಟ್ಟಿಗೆಯ ಪಕ್ಕದಲ್ಲಿ ಒಣ ಬ್ಲಾಕನ್ನು ನಿಲ್ಲಿಸಿ ಹೋಲಿಸಿದರೆ, ಒದ್ದೆ ಬಟ್ಟೆ ತೊಟ್ಟವನನ್ನು ಒಣ ಬಟ್ಟೆಯವನ ಜೊತೆ ಓಡಿಸಿದಂತಾಗುತ್ತದೆ.

"ಒಂದು ಬಕೆಟ್ ತಗೊಂಡು ಬಾರಪ್ಪ" ಎಂದೆ. ಎರಡು ಮಣ್ಣಿನ ಬ್ಲಾಕುಗಳಲ್ಲಿ ಒಂದನ್ನು ಮುಳುಗಿಸಿಟ್ಟೆವು. ಮೊದಲ ಹತ್ತು ನಿಮಿಷ ಗುಳ್ಳೆಗಳು ಎದ್ದವು. ಮಧ್ಯಾಹ್ನಕ್ಕೆ ಮೂಲೆಗಳು ಮೃದುವಾದವು. ಮರುದಿನ ಬೆಳಿಗ್ಗೆ ಎತ್ತಲು ಹೋದರೆ ಅರ್ಧ ಕೈಗೆ ಬಂತು, ಉಳಿದರ್ಧ ಬಕೆಟ್ಟಿನ ತಳದಲ್ಲಿ ಕೆಸರಾಗಿ ಕೂತಿತ್ತು.

ಒಣ ಮಣ್ಣಿಗೆ ಬಲ ಬರುವುದು ಎಲ್ಲಿಂದ?

ಸಮುದ್ರ ತೀರದಲ್ಲಿ ಮಕ್ಕಳು ಕಟ್ಟುವ ಮರಳಿನ ಗೂಡು ಎಲ್ಲರಿಗೂ ಗೊತ್ತು. ಪೂರ್ತಿ ಒಣಗಿದ ಮರಳು ನಿಲ್ಲುವುದಿಲ್ಲ. ನೀರಿನಲ್ಲಿ ಮುಳುಗಿದ ಮರಳೂ ನಿಲ್ಲುವುದಿಲ್ಲ. ತೇವದ ಮರಳು ಮಾತ್ರ ನಿಲ್ಲುತ್ತದೆ. ಕಣಗಳ ನಡುವೆ ಸಿಕ್ಕಿಕೊಂಡ ನೀರಿನ ಸಣ್ಣ ಹನಿಗಳು ಒಳಬಾಗಿದ ಮೇಲ್ಮೈ ಪಡೆದು, ಮೇಲ್ಮೈ ಎಳೆತದಿಂದ ಕಣಗಳನ್ನು ಒಂದಕ್ಕೊಂದು ಸೆಳೆದು ಹಿಡಿಯುತ್ತವೆ. ಈ ಸೆಳೆತದ ಒತ್ತಡ ಮೇಲ್ಮೈ ಎಳೆತದ ಎರಡರಷ್ಟನ್ನು ರಂಧ್ರದ ತ್ರಿಜ್ಯದಿಂದ ಭಾಗಿಸಿದಷ್ಟು. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. ತ್ರಿಜ್ಯ ಒಂದು ಮೈಕ್ರಾನ್ ಆದರೆ ಸೆಳೆತ 0.14 ಮೆಗಾಪಾಸ್ಕಲ್, ಮೈಕ್ರಾನಿನ ಹತ್ತನೇ ಒಂದು ಭಾಗವಾದರೆ 1.4 ಮೆಗಾಪಾಸ್ಕಲ್. ಮರಳಿನ ರಂಧ್ರಗಳು ದೊಡ್ಡವು, ಸೆಳೆತ ಅತ್ಯಲ್ಪ. ಜೇಡಿಮಣ್ಣಿನ ರಂಧ್ರಗಳು ಬಹಳ ಕಿರಿದು. ಒಣಗಿದಂತೆ ಕಾಣುವ ಜೇಡಿಯಲ್ಲೂ ಗಾಳಿಯಿಂದ ಹೀರಿದ ಒಂದಷ್ಟು ನೀರು ಇದ್ದೇ ಇರುತ್ತದೆ. ಆ ನೀರೇ ಅದರ ಅಂಟು.

ಈಗ ಅದನ್ನು ಬಕೆಟ್ಟಿಗೆ ಹಾಕಿ. ರಂಧ್ರಗಳು ತುಂಬಿದಂತೆ ಒಳಬಾಗಿದ ಮೇಲ್ಮೈಗಳು ಇಲ್ಲವಾಗುತ್ತವೆ, ಸೆಳೆತವೂ ಇಲ್ಲವಾಗುತ್ತದೆ. ಜೊತೆಗೆ, ಎಲ್ಲ ಕಡೆಯಿಂದ ನೀರು ನುಗ್ಗುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಒತ್ತಲ್ಪಟ್ಟು ಹೊರಕ್ಕೆ ತಳ್ಳುತ್ತದೆ. ನಾವು ಕಂಡ ಗುಳ್ಳೆಗಳು ಅವೇ. ನಮ್ಮ ಅಜ್ಜಂದಿರ ಮಣ್ಣಿನ ಗೋಡೆಗಳು ನೂರು ವರ್ಷ ನಿಂತಿದ್ದರೆ ಅದಕ್ಕೆ ಕಾರಣ ಮಣ್ಣು ಗಟ್ಟಿಯಿದ್ದುದಲ್ಲ. ಗೋಡೆ ಒಂದೂವರೆ ಎರಡು ಅಡಿ ದಪ್ಪವಿತ್ತು, ಬುಡದಲ್ಲಿ ಕಲ್ಲಿತ್ತು, ಸೂರು ಉದ್ದಕ್ಕೆ ಇಳಿದಿತ್ತು, ಮಳೆಗಾಲ ಮುಗಿದ ಮೇಲೆ ಮನೆಯವರು ಮತ್ತೆ ಸಾರಿಸುತ್ತಿದ್ದರು.

ಸಿಮೆಂಟ್ ಸೇರಿಸುವುದು ನೀರಿಗೆ ಬಗ್ಗದ ಇನ್ನೊಂದು ಅಂಟನ್ನು ಒದಗಿಸಲು. ಮರಳಿನ ಕಣಗಳ ನಡುವೆ ಸಿಮೆಂಟಿನ ಹರಳುಗಳು ಬೆಳೆದು ಸೇತುವೆ ಕಟ್ಟುತ್ತವೆ. ಈ ಸೇತುವೆ ನೀರಿನಲ್ಲಿ ಕರಗುವುದಿಲ್ಲ. ಆದರೆ ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಕಣಗಳ ಮೇಲ್ಮೈ ವಿಸ್ತೀರ್ಣ ವಿಪರೀತವಾಗಿ, ಅಷ್ಟಕ್ಕೂ ಸಾಲುವಷ್ಟು ಸಿಮೆಂಟ್ ಇರುವುದಿಲ್ಲ. ಜೇಡಿಯ ಜಾತಿಯೂ ಮುಖ್ಯ. ಹಳೇ ಮೈಸೂರಿನ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್. ನೀರಿಗೆ ಅಷ್ಟಾಗಿ ಉಬ್ಬುವುದಿಲ್ಲ. ವಿಜಯಪುರ, ರಾಯಚೂರು, ಧಾರವಾಡದ ಎರೆಮಣ್ಣಿನಲ್ಲಿರುವುದು ಮಾಂಟ್‌ಮೊರಿಲೊನೈಟ್. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎರೆಮಣ್ಣಿಗೆ ಸುಣ್ಣ ಬೇಕು. ಸಿಮೆಂಟ್ ಮಾತ್ರ ಹಾಕಿ ಬ್ಲಾಕ್ ಒತ್ತಿದರೆ ಹಣ ನೀರಿಗೆ ಹಾಕಿದಂತೆ.

ಈ ವಿಷಯಗಳನ್ನು ನಮ್ಮಲ್ಲಿ ಕೂಲಂಕಷವಾಗಿ ಅಧ್ಯಯನ ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ಇದು ಗ್ರಾಮಗಳಿಗೆ ಹೊಂದುವ ತಂತ್ರಜ್ಞಾನಕ್ಕೆ ಮೀಸಲಾಗಿತ್ತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮಣ್ಣಿನ ಬ್ಲಾಕುಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. 1950ರ ದಶಕದಲ್ಲಿ ಕೊಲಂಬಿಯಾ ದೇಶದಲ್ಲಿ ರೂಪುಗೊಂಡ ಸಿನ್ವಾ-ರಾಮ್ ಕೈಯಂತ್ರದ ನಂತರ ಇಲ್ಲಿಯೇ ಸುಧಾರಿತ ಒತ್ತುಯಂತ್ರಗಳು ಸಿದ್ಧವಾದವು. ಅವರ ಕೆಲಸದಿಂದ ಹೊರಬಂದ ಪಾಕ ಸರಳವಾಗಿದೆ: ಮಣ್ಣಿನಲ್ಲಿ ಮರಳಿನ ಅಂಶ ಮೂರನೇ ಎರಡರಷ್ಟಿರಲಿ, ಜೇಡಿ ಶೇಕಡ 15ರ ಆಸುಪಾಸಿನಲ್ಲಿರಲಿ, ತೂಕದಲ್ಲಿ ಶೇಕಡ 6ರಿಂದ 8 ಸಿಮೆಂಟ್ ಇರಲಿ, ಒತ್ತಿದಾಗ ಒಣ ಸಾಂದ್ರತೆ ಲೀಟರಿಗೆ 1.8 ಕೆಜಿಗೆ ಕಡಿಮೆಯಾಗದಿರಲಿ, ಮೂರು ನಾಲ್ಕು ವಾರ ನೀರುಣಿಸಿ.

ಇದರಲ್ಲಿ ಕೊಳ್ಳುವವರಿಗೆ ತುಂಬ ಉಪಯುಕ್ತವಾದ ಒಂದು ಕೀಲಿ ಅಡಗಿದೆ. 230×190×100 ಮಿ.ಮೀ. ಬ್ಲಾಕಿನ ಗಾತ್ರ 4.37 ಲೀಟರ್, ಒಣ ತೂಕ ಸುಮಾರು 8 ಕೆಜಿ ಇರಬೇಕು. ಶೇಕಡ 7ರ ಲೆಕ್ಕದಲ್ಲಿ ಒಂದು ಬ್ಲಾಕಿಗೆ ಅರ್ಧ ಕೆಜಿಗಿಂತ ತುಸು ಹೆಚ್ಚು ಸಿಮೆಂಟ್. ಅಂದರೆ 50 ಕೆಜಿ ಚೀಲಕ್ಕೆ ಸುಮಾರು 90 ಬ್ಲಾಕ್. ತಯಾರಕರನ್ನು ಬಲದ ಬಗ್ಗೆ ಕೇಳಬೇಡಿ. "ಒಂದು ಚೀಲಕ್ಕೆ ಎಷ್ಟು ಬ್ಲಾಕ್ ಬರುತ್ತೆ?" ಎಂದು ಕೇಳಿ. ಅವರು ಹೆಮ್ಮೆಯಿಂದ 150 ಎಂದರೆ ಸಿಮೆಂಟ್ ಶೇಕಡ 4ರಷ್ಟಿದೆ ಎಂದರ್ಥ.

ನನ್ನ ಶಿಷ್ಯರು ಫೋನ್ ಮಾಡಿ ಕೇಳಿದರು. ಉತ್ತರ 140. ಮಣ್ಣು ಕೆರೆಯಂಗಳದ ಗೋಡುಮಣ್ಣು. ನೀರುಣಿಸಿದ್ದು ನಾಲ್ಕು ದಿನ.

ಶಾಲೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಒತ್ತುಯಂತ್ರ ಎಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ ಸಿಗುತ್ತದೆ. ದೊಡ್ಡ ಮೊತ್ತದ ಮನೆಗೆ ಅಲ್ಲಿ ಪರೀಕ್ಷೆ ಮಾಡಿಸುವುದೇ ಸರಿ. ಆದರೆ ಕೆಟ್ಟದ್ದನ್ನು ಗುರುತಿಸಿ ಬದಿಗಿಡಲು ಪ್ರೌಢಶಾಲೆಯ ಸಲಕರಣೆಗಳೇ ಸಾಕು.

ಮಣ್ಣಿನಿಂದ ಆರಂಭಿಸಿ. ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಸ್ಟೋಕ್ಸ್ ನಿಯಮದ ಪ್ರಕಾರ ಕಣ ಇಳಿಯುವ ವೇಗ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮರಳಿನ ಕೆಳಮಿತಿಯಾದ 0.06 ಮಿ.ಮೀ. ಕಣ 10 ಸೆಂ.ಮೀ. ಇಳಿಯಲು ಸುಮಾರು ಅರ್ಧ ನಿಮಿಷ ಸಾಕು. ಜೇಡಿಯ ಮೇಲ್ಮಿತಿಯಾದ 0.002 ಮಿ.ಮೀ. ಕಣಕ್ಕೆ ಸುಮಾರು ಎಂಟು ಗಂಟೆ ಬೇಕು. ಅರ್ಧ ನಿಮಿಷಕ್ಕೆ ಒಂದು ಗೆರೆ, ಮರುದಿನ ಇನ್ನೊಂದು ಗೆರೆ ಎಳೆದರೆ ಮರಳೆಷ್ಟು, ಉಳಿದದ್ದೆಷ್ಟು ಎಂಬ ಅಂದಾಜು ಸಿಗುತ್ತದೆ. ಉಪ್ಪು ಜೇಡಿ ಕಣಗಳನ್ನು ಗುಂಪುಗೂಡಿಸಿ ಬೇಗ ಇಳಿಸುವುದರಿಂದ ನಿಯಮವನ್ನೇ ಪರೀಕ್ಷಿಸಬೇಕೆನ್ನುವವರು ಉಪ್ಪಿಲ್ಲದೆ ಮಾಡಲಿ.

ನಂತರ ಬಕೆಟ್ಟಿನ ಪರೀಕ್ಷೆ. ಬ್ಲಾಕನ್ನು ಒಣಗಿಸಿ ತೂಗಿ, 24 ಗಂಟೆ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಹೆಚ್ಚಿದ ತೂಕವನ್ನು ಒಣ ತೂಕದ ಶೇಕಡದಲ್ಲಿ ಹೇಳುವುದು ರೂಢಿ. ಸಾಧಾರಣ ಸುಟ್ಟ ಇಟ್ಟಿಗೆಗೆ ಶೇಕಡ 20 ಮೀರಬಾರದು. ಇಲ್ಲಿ ಒಂದು ಎಚ್ಚರ. ಹಗುರ ಬ್ಲಾಕುಗಳಿಗೆ ಈ ಶೇಕಡ ಅನ್ಯಾಯ ಮಾಡುತ್ತದೆ. ಘನಮೀಟರಿಗೆ 600 ಕೆಜಿ ತೂಗುವ ಬ್ಲಾಕ್ ಶೇಕಡ 45ರಷ್ಟು ನೀರು ಹೀರಿದರೆ ಅದು 270 ಲೀಟರ್. 1,700 ಕೆಜಿಯ ಇಟ್ಟಿಗೆ ಶೇಕಡ 16 ಹೀರಿದರೆ 272 ಲೀಟರ್. ಎರಡೂ ಕುಡಿದದ್ದು ಒಂದೇ! ಸಾಂದ್ರತೆ ಬೇರೆಯಾದ ಸಾಮಗ್ರಿಗಳನ್ನು ಹೋಲಿಸುವಾಗ ತೂಕದ ಶೇಕಡ ಬಿಟ್ಟು ಗಾತ್ರದ ಲೆಕ್ಕ ಹಿಡಿಯಬೇಕು.

ಮೂರನೆಯದು ಬಾಗಿಸಿ ಮುರಿಯುವುದು. ಬ್ಲಾಕನ್ನು 20 ಸೆಂ.ಮೀ. ಅಂತರದ ಎರಡು ಕಬ್ಬಿಣದ ಸರಳುಗಳ ಮೇಲೆ ಅಡ್ಡಲಾಗಿ ಮಲಗಿಸಿ, ನಡುವೆ ಮೂರನೆಯ ಸರಳನ್ನಿಟ್ಟು ಉದ್ದನೆಯ ಸನ್ನೆಗೋಲಿನಿಂದ ಒತ್ತಬೇಕು. ಮುರಿಯುವ ಕ್ಷಣದ ಎಳೆತದ ಬಲ = 3 × ಭಾರ × ಅಂತರ ÷ (2 × ಅಗಲ × ದಪ್ಪದ ವರ್ಗ). ಐದರಷ್ಟು ಲಾಭ ಕೊಡುವ ಸನ್ನೆಗೋಲಿನ ತುದಿಗೆ 40 ಕೆಜಿ ತೂಗುಹಾಕಿದರೆ ಬ್ಲಾಕಿನ ಮೇಲೆ 200 ಕೆಜಿ ಭಾರ. ನಮ್ಮ ಬ್ಲಾಕಿಗೆ ಅದು 0.31 ಮೆಗಾಪಾಸ್ಕಲ್ ಆಗುತ್ತದೆ. ಬಕೆಟ್ಟಿಗೆ ಮರಳು ಸುರಿಯುತ್ತ ಹೋದರೆ ಭಾರವನ್ನು ನಿಧಾನವಾಗಿ ಏರಿಸಬಹುದು. ಕೆಳಗೆ ಯಾರ ಕಾಲೂ ಇರದಂತೆ ನೋಡಿಕೊಳ್ಳಿ. ಒಣ ಬ್ಲಾಕ್ ಮೂರು, ನೆನೆದ ಬ್ಲಾಕ್ ಮೂರು ಮುರಿದು ಸರಾಸರಿ ತೆಗೆಯಿರಿ. ನೆನೆದದ್ದರ ಸರಾಸರಿ ಒಣದ್ದರ ಮೂರನೇ ಒಂದು ಭಾಗಕ್ಕಿಂತ ಕೆಳಗಿದ್ದರೆ ಆ ಬ್ಲಾಕನ್ನು ನಾನು ಮುಂದಿನ ಪರೀಕ್ಷೆಗೇ ತೆಗೆದುಕೊಳ್ಳುವುದಿಲ್ಲ. ಒಂದೇ ಬ್ಲಾಕಿನಿಂದ ತೀರ್ಮಾನಕ್ಕೆ ಬರಬೇಡಿ. ಮೂರು ಮಾದರಿಗಳ ನಡುವೆಯೇ ಅಜಗಜಾಂತರವಿದ್ದರೆ ಅದೂ ಒಂದು ಫಲಿತಾಂಶ: ಮಿಶ್ರಣ ಕಣ್ಣಂದಾಜಿನಲ್ಲಿ ನಡೆದಿದೆ.

ಕೊನೆಯದು ತಾಳ್ಮೆಯ ಪರೀಕ್ಷೆ. ಗೋಡೆಗೆ ಆಯಾಸ ಕೊಡುವುದು ಒಂದು ಮಳೆಯಲ್ಲ. ನೆನೆದು ಒಣಗಿ, ಮತ್ತೆ ನೆನೆದು ಒಣಗುವುದು. ಅಮೆರಿಕದ ಎಎಸ್‌ಟಿಎಂ ಡಿ 559 ವಿಧಾನದಲ್ಲಿ ಸಿಮೆಂಟ್ ಬೆರೆಸಿದ ಮಣ್ಣನ್ನು 5 ಗಂಟೆ ನೆನೆಸಿ, 71 ಡಿಗ್ರಿ ಸೆಲ್ಸಿಯಸ್‌ನಲ್ಲಿ 42 ಗಂಟೆ ಒಣಗಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಹೀಗೆ 12 ಸುತ್ತು ಮುಗಿಸಿ ಎಷ್ಟು ತೂಕ ಹೋಯಿತೆಂದು ನೋಡುತ್ತಾರೆ. ಶಾಲೆಯಲ್ಲಿ ಒಂದು ದಿನ ನೀರು, ಎರಡು ದಿನ ಬಿಸಿಲು ಎಂದಿಟ್ಟುಕೊಳ್ಳಬಹುದು. ಒಂದು ತಿಂಗಳಿಗೂ ಮೀರಿ ನಡೆಯುವ ಈ ಪ್ರಯೋಗಕ್ಕೆ ಪ್ರತಿಸಲ ತೂಗಿ ಬರೆಯುವ ಶಿಸ್ತು ಬೇಕು. ವಿಜ್ಞಾನ ಸಂಘದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಯೋಜನೆ ನನಗೆ ತೋಚಿಲ್ಲ.

ಉಳಿದ ಸಾಮಗ್ರಿಗಳು

ಹಾರುಬೂದಿ ಇಟ್ಟಿಗೆಯ ಕಥೆ ಬೇರೆ. ರಾಯಚೂರಿನ ಶಕ್ತಿನಗರದಂತಹ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಬೂದಿಗೆ ತಾನಾಗಿ ಅಂಟುವ ಗುಣವಿಲ್ಲ. ಸುಣ್ಣ ಮತ್ತು ನೀರಿನ ಜೊತೆ ನಿಧಾನವಾಗಿ ವರ್ತಿಸಿ ಸಿಮೆಂಟಿನಂತಹ ಹರಳುಗಳನ್ನು ಕೊಡುತ್ತದೆ. ನಿಧಾನವಾಗಿ ಎಂಬ ಪದ ಮುಖ್ಯ. ಹತ್ತು ದಿನದ ಇಟ್ಟಿಗೆ ಲಾರಿಗೇರಿ ಬಂದರೆ ಮೂಲೆಗಳು ಉದುರಿರುತ್ತವೆ. ಅದೇ ಇಟ್ಟಿಗೆಗೆ ನೀರುಣಿಸಿ ತಿಂಗಳು ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಸಿಮೆಂಟಿನ ಟೊಳ್ಳು ಬ್ಲಾಕಿನ ಕಾಯಿಲೆಯೂ ಇದೇ. ಖಾಲಿ ಸೈಟಿನಲ್ಲಿ ಬೆಳಿಗ್ಗೆ ಒತ್ತಿ, ಎರಡು ದಿನ ಬಿಸಿಲಿನಲ್ಲಿಟ್ಟು, ಮೂರನೇ ದಿನ ಮಾರುವವರಿದ್ದಾರೆ. ಹಸಿ ಬ್ಲಾಕ್ ಗೋಡೆಯಲ್ಲಿ ಕುಳಿತ ಮೇಲೆ ಒಣಗಿ ಕುಗ್ಗುತ್ತದೆ. ಗಿಲಾಯಿಯ ಮೇಲೆ ಮೆಟ್ಟಿಲಿನಂತೆ ಹತ್ತುವ ಬಿರುಕು ಕಾಣುವುದು ಬಹುಮಟ್ಟಿಗೆ ಇದರಿಂದಲೇ.

ಬಿಳಿಯ ಹಗುರ ಬ್ಲಾಕ್ 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಅಲ್ಯೂಮಿನಿಯಂ ಪುಡಿಯಿಂದ ಹೈಡ್ರೊಜನ್ ಗುಳ್ಳೆಗಳೆಬ್ಬಿಸಿ, ಅಧಿಕ ಒತ್ತಡದ ಹಬೆಯಲ್ಲಿ ಬೇಯಿಸಿ ಮಾಡುತ್ತಾರೆ. ಕಾರ್ಖಾನೆಯಲ್ಲೇ ಬೆಂದು ಬರುವುದರಿಂದ ನೀರುಣಿಸುವ ತಗಾದೆಯಿಲ್ಲ. ಕಂಬ ತೊಲೆಗಳ ಚೌಕಟ್ಟಿನ ಮನೆಯಲ್ಲಿ ನಡುವೆ ತುಂಬಲು ಬಹಳ ಒಳ್ಳೆಯದು. ಹಳ್ಳಿಯಲ್ಲಿ ಗೋಡೆಯೇ ತಾರಸಿ ಹೊರುವ ಮನೆಗೆ, ಎಂಜಿನಿಯರರ ಲೆಕ್ಕವಿಲ್ಲದೆ ಇದನ್ನು ಬಳಸಲು ನಾನು ಹೇಳಲಾರೆ.

ಬೆಲೆ ಕೇಳಬೇಕಾದ ರೀತಿ

"ಒಂದಕ್ಕೆ ಎಷ್ಟು?" ಎಂಬುದು ಅಂಗಡಿಯ ಪ್ರಶ್ನೆ. ನಾವು ಕಟ್ಟುವುದು ಗೋಡೆ; ಆದ್ದರಿಂದ ಒಂದು ಚದರ ಮೀಟರ್ ಗೋಡೆಗೆ ಎಷ್ಟು ಎಂದು ಕೇಳಬೇಕು. 230×105×70 ಮಿ.ಮೀ. ಇಟ್ಟಿಗೆಯಿಂದ ಒಂಬತ್ತು ಅಂಗುಲದ ಗೋಡೆ ಕಟ್ಟಿದರೆ ಚದರ ಮೀಟರಿಗೆ ಸುಮಾರು 100 ಇಟ್ಟಿಗೆ, 60 ಲೀಟರ್ ಗಾರೆ. 230×190×100ರ ಮಣ್ಣಿನ ಬ್ಲಾಕಿನಲ್ಲಿ 37 ಬ್ಲಾಕ್, 28 ಲೀಟರ್ ಗಾರೆ. ಅಂದರೆ ಬ್ಲಾಕಿನ ಬೆಲೆ ಇಟ್ಟಿಗೆಯ ಎರಡೂವರೆ ಪಟ್ಟು ಇದ್ದರೂ ಗೋಡೆ ದುಬಾರಿಯಾಗುವುದಿಲ್ಲ. ಗಾರೆಯ ಅರ್ಧ ಸಿಮೆಂಟ್ ಉಳಿಯುತ್ತದೆ. ಬ್ಲಾಕ್ ಸಮನಾಗಿದ್ದು ಹೊರಗೆ ಗಿಲಾಯಿ ಬೇಡವೆಂದರೆ ಇನ್ನಷ್ಟು ಉಳಿತಾಯ. ಆದರೆ ಮಳೆಗೆ ಹೆದರಿ ಎರಡೂ ಬದಿ ದಪ್ಪ ಗಿಲಾಯಿ ಮಾಡಿಸಿದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಕಡಿಮೆ ಬಲದ ಬ್ಲಾಕ್ ಕೊಂಡವರ ಪಾಡು ಸಾಮಾನ್ಯವಾಗಿ ಇದೇ.

ಶಕ್ತಿಯ ಲೆಕ್ಕವೂ ಇದೆ. ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ 2003ರಲ್ಲಿ ಪ್ರಕಟಿಸಿದ ಅಂಕಿಗಳಂತೆ ಒಂದು ಸುಟ್ಟ ಇಟ್ಟಿಗೆ ತಯಾರಿಸಲು 4.25 ಮೆಗಾಜೂಲ್ ಶಕ್ತಿ ಬೇಕು. ಶೇಕಡ 6 ಸಿಮೆಂಟಿನ ಮಣ್ಣಿನ ಬ್ಲಾಕಿಗೆ ಬೇಕಾದದ್ದು 2.6 ಮೆಗಾಜೂಲ್, ಅದೂ ಎರಡೂವರೆ ಇಟ್ಟಿಗೆಯಷ್ಟು ದೊಡ್ಡ ಬ್ಲಾಕಿಗೆ. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸುಮಾರು ನಾಲ್ಕನೇ ಒಂದು ಭಾಗ. ಗೂಡಿನಲ್ಲಿ ಉರಿಯುವ ಸೌದೆ ಕಲ್ಲಿದ್ದಲು ಅಷ್ಟರಮಟ್ಟಿಗೆ ಉಳಿಯಿತು.

ಮನೆಯೊಳಗಿನ ತಂಪಿನ ಬಗ್ಗೆ ಪದವಿ ತರಗತಿಯ ಅಧ್ಯಾಪಕರಿಗೆ ಒಂದು ಮಾತು. ದಿನಕ್ಕೊಮ್ಮೆ ಏರಿಳಿಯುವ ಶಾಖದ ಅಲೆ ಇಟ್ಟಿಗೆಯಂತಹ ಗೋಡೆಯಲ್ಲಿ 12 ಸೆಂ.ಮೀ. ಸಾಗುವಷ್ಟರಲ್ಲಿ ಮೂರನೇ ಒಂದಕ್ಕೆ ಸಮೀಪ ಇಳಿಯುತ್ತದೆ. 19 ಸೆಂ.ಮೀ. ದಾಟಿದಾಗ ಐದನೇ ಒಂದು ಭಾಗ ಉಳಿದಿದ್ದು, ಆರು ಗಂಟೆ ತಡವಾಗಿ ಒಳಗೆ ಬರುತ್ತದೆ. ಮಧ್ಯಾಹ್ನ ಎರಡರ ಬಿಸಿ ರಾತ್ರಿ ಎಂಟಕ್ಕೆ! ಬಹಳ ದಪ್ಪ ಗೋಡೆಯೆಂದು ಭಾವಿಸಿ ಮಾಡಿದ ಲೆಕ್ಕವಿದು, ನಿಜದ ಗೋಡೆಯಲ್ಲಿ ಸ್ವಲ್ಪ ಬದಲಾಗುತ್ತದೆ. ಲೀಸ್ ಡಿಸ್ಕ್ ಪ್ರಯೋಗಕ್ಕೆ ಪ್ರತಿವರ್ಷ ಅದೇ ರಟ್ಟು, ಅದೇ ಎಬೊನೈಟ್ ಬಿಲ್ಲೆ ಕೊಡುವ ಬದಲು ಬೂದಿ ಇಟ್ಟಿಗೆ, ಹಗುರ ಬ್ಲಾಕುಗಳಿಂದ ಕೊಯ್ದ ಬಿಲ್ಲೆಗಳನ್ನು ಕೊಡಬಾರದೇಕೆ? ಒಣಗಿದ್ದಾಗ ಒಮ್ಮೆ, ತೇವವಾಗಿದ್ದಾಗ ಒಮ್ಮೆ ಅಳೆಯಿಸಿ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ರಂಧ್ರದಲ್ಲಿ ಗಾಳಿಯ ಜಾಗಕ್ಕೆ ನೀರು ಬಂದರೆ ತಂಪಿನ ಬ್ಲಾಕ್ ತಂಪಾಗಿ ಉಳಿಯುವುದಿಲ್ಲ.

ಮರೆಯಬಾರದ ಇನ್ನೊಂದು ಪ್ರಶ್ನೆ ಆರೋಗ್ಯದ್ದು. ಕಲ್ನಾರಿನ ಹಾಳೆ ಅಗ್ಗ, ಗಟ್ಟಿ, ನೀರಿಗೆ ಜಗ್ಗದು. ಬಕೆಟ್ ಪರೀಕ್ಷೆಯಲ್ಲಿ ಅದಕ್ಕೆ ನೂರಕ್ಕೆ ನೂರು ಅಂಕ. ಅದರ ನಾರು ಶ್ವಾಸಕೋಶಕ್ಕೆ ಮಾಡುವ ಕೇಡು ಕಾಣಿಸಿಕೊಳ್ಳಲು ದಶಕಗಳೇ ಬೇಕಾಗುತ್ತವೆ. ಗೊಬ್ಬರ ಕಾರ್ಖಾನೆಯ ಫಾಸ್ಫೊಜಿಪ್ಸಂನಲ್ಲಿ ರೇಡಿಯಂ ಇರುವುದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಕಟ್ಟಡಗಳಲ್ಲಿ ಅದರ ಬಳಕೆಗೆ ಮಿತಿ ವಿಧಿಸಿದೆ. ತ್ಯಾಜ್ಯದಿಂದ ಮಾಡಿದ್ದು ಎಂಬುದು ಒಳ್ಳೆಯ ಮಾತೇ, ಆದರೆ ಯಾವ ತ್ಯಾಜ್ಯ ಎಂದು ಕೇಳಬೇಕು.

ನನ್ನದೇ ಗೋಡೆ

ಇಷ್ಟೆಲ್ಲ ಹೇಳುವ ನಾನು 2004ರಲ್ಲಿ ಮನೆಯ ಹಿಂದೆ ಪುಸ್ತಕಗಳಿಗಾಗಿ ಒಂದು ಕೋಣೆ ಕಟ್ಟಿಸಿದೆ. ಮಣ್ಣಿನ ಬ್ಲಾಕೇ. ಪರೀಕ್ಷೆ ಮಾಡಿಸಿದ್ದೆ, ಒಣ ಬ್ಲಾಕಿನದು. ಸಂಖ್ಯೆ ಚೆನ್ನಾಗಿ ಬಂದಿತ್ತು. ನೆಲಗಟ್ಟು ಅರ್ಧ ಅಡಿ ಎತ್ತರ, ಹೆಂಚಿನ ಸೂರಿಗೆ ದೋಣಿ ಹಾಕಿಸಲಿಲ್ಲ. ಸೂರಿನಿಂದ ಬಿದ್ದ ನೀರು ಕಲ್ಲುಹಾಸಿನ ಮೇಲೆ ಸಿಡಿದು ಗೋಡೆಯ ಬುಡಕ್ಕೆ ಬಡಿಯುತ್ತಿತ್ತು. ಮೂರನೇ ಮಳೆಗಾಲ ಮುಗಿದಾಗ ಕೆಳಗಿನ ಎರಡು ವರಸೆ ಒಂದಂಗುಲ ಒಳಕ್ಕೆ ಕೊರೆದುಹೋಗಿದ್ದವು. ಅದರ ಮೇಲಿನ ಬ್ಲಾಕುಗಳು ಇಂದಿಗೂ ಮೊಳೆ ಹೊಡೆದರೆ ಬಾಗುವಷ್ಟು ಗಟ್ಟಿಯಾಗಿವೆ. ಮೇಸ್ತ್ರಿ ಬಂದು ತೊಲೆಗಳಿಗೆ ಆಸರೆ ಕೊಟ್ಟು, ಬುಡ ಬಿಡಿಸಿ ಸೈಜುಕಲ್ಲು ತುಂಬಿದ. ಆತ ಕೇಳಿದ್ದು ಒಂದೇ: "ಮೊದಲೇ ಹಾಕಿಸಬಾರದಿತ್ತಾ ಸಾರ್?"

ಈ ಕಥೆಯನ್ನೂ ಆ ಭಾನುವಾರ ನನ್ನ ಶಿಷ್ಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯನ್ನು ಎರಡು ತಿಂಗಳು ಮುಂದೂಡುವುದೆಂದು ನಿರ್ಧರಿಸಿದರು. ಸುಲಭದ ನಿರ್ಧಾರವಲ್ಲ; ಅಷ್ಟು ದಿನ ಬಾಡಿಗೆಯನ್ನೂ ಕಟ್ಟಬೇಕು, ಬಡ್ಡಿಯನ್ನೂ ಕಟ್ಟಬೇಕು. ತಮ್ಮ ಸೈಟಿನ ಪಾಯ ಅಗೆದಾಗ ಬಂದ ಕೆಂಪು ಮಣ್ಣನ್ನೇ ಸೀಸೆಯಲ್ಲಿ ಕುಲುಕಿ ನೋಡಿದರು. ಜೇಡಿ ಹೆಚ್ಚಿತ್ತು, ಕ್ರಷರಿನ ಪುಡಿ ಬೆರೆಸಿ ಸರಿದೂಗಿಸಿದರು. ಬಾಡಿಗೆಗೆ ತಂದ ಕೈಯಂತ್ರದಲ್ಲಿ, ಸಿಮೆಂಟನ್ನು ಬಾಣಲಿಯಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ, ಚೀಲಕ್ಕೆ 90ರಂತೆ ಒತ್ತಿಸಿದರು. ಗೋಣಿಚೀಲ ಹೊದಿಸಿ ಮೂರು ವಾರ ನೀರುಣಿಸಿದ್ದು ಅವರ ತಾಯಿ.

ಆರು ಬ್ಲಾಕ್ ಶಾಲೆಗೆ ಹೋದವು. ಒಂಬತ್ತನೇ ತರಗತಿಯ ಮಕ್ಕಳು ಈ ಬಾರಿ ಒಂದು ರಾತ್ರಿಯಲ್ಲ, ಮೂರು ರಾತ್ರಿ ನೀರಿನಲ್ಲಿಟ್ಟರು. ಮೂಲೆಗಳು ಹಾಗೇ ಇದ್ದವು. ಕಾಲೇಜಿನ ಯಂತ್ರದಲ್ಲಿ ನೆನೆದ ಬ್ಲಾಕಿನ ಬಲ 3.5ಕ್ಕಿಂತ ಮೇಲೆಯೇ ಬಂತು. ಈಗ ಗೋಡೆ ಕಿಟಕಿಯ ಮಟ್ಟಕ್ಕೆ ಏರಿದೆ, ಬುಡಕ್ಕೆ ಎರಡು ಅಡಿ ಸೈಜುಕಲ್ಲಿದೆ. ಸಜ್ಜಾ ಎರಡು ಅಡಿ ಹೊರಚಾಚಲಿ ಎಂಬ ನನ್ನ ಮಾತಿಗೆ ಮಾತ್ರ ಅವರು ಇನ್ನೂ ಒಪ್ಪಿಲ್ಲ. ಸೈಟು ಚಿಕ್ಕದು, ಪಕ್ಕದವರ ಕಾಂಪೌಂಡ್ ಅಲ್ಲೇ ಇದೆ ಎನ್ನುತ್ತಾರೆ. ಟೇಪು ಹಿಡಿದು ಅಳೆಯಲು ಮುಂದಿನ ಭಾನುವಾರ ನಾನೇ ಹೋಗಬೇಕೆಂದಿದ್ದೇನೆ.